ಗೆರೆಗೆ ನಿಮ್ಮ ಗುಂಡಿನ ಪರಿಚಯ ಇಲ್ಲ

ಗುಂಡು ಜಿಂಕೆಯ ಬೆನ್ನ ಮೇಲಿಂದ ಹೋಯಿತು. ಹಿಂದಿನ ಮಣ್ಣಿನ ದಿಬ್ಬದಲ್ಲಿ ಒಂದು ಹಿಡಿ ಧೂಳು ಎದ್ದದ್ದು ಕೋವಿಯ ಮೇಲಿನ ದುರ್ಬೀನಿನಲ್ಲೇ, ಅಂದರೆ ಸ್ಕೋಪಿನಲ್ಲೇ ಕಾಣಿಸಿತು. ಜಿಂಕೆ ತಲೆ ಎತ್ತಿ ಒಂದು ಕ್ಷಣ ನಿಂತಿತು, ಯಾರಪ್ಪ ಇದು ಅನ್ನೋ ಹಾಗೆ. ಆಮೇಲೆ ಎರಡೇ ನೆಗೆತ, ಪೊದೆಯೊಳಗೆ ಮಾಯ.

ದೂರ ಅಳೆಯುವ ರೇಂಜ್‌ಫೈಂಡರ್ 300 ಗಜ ಅಂದಿತ್ತು. ನಾನು ರೆಟಿಕಲ್ಲಿನ (ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳು) ಎರಡನೇ ಗೆರೆಯನ್ನು ಭುಜದ ಹಿಂದೆ ಇಟ್ಟಿದ್ದೆ, ಉಸಿರು ಅರ್ಧ ಬಿಟ್ಟಿದ್ದೆ, ಟ್ರಿಗರ್ ಎಳೆದದ್ದೂ ಮೆತ್ತಗೆ. ಎಲ್ಲ ಸರಿಯಾಗೇ ಇತ್ತಲ್ಲ ಅಂದುಕೊಂಡು ಝೂಮ್ ರಿಂಗಿನ ಮೇಲೆ ಕೈ ಇಟ್ಟೆ. ಅದು ನಾಲ್ಕೂವರೆಯಲ್ಲಿ ನಿಂತಿತ್ತು. ನನ್ನ ಸ್ಕೋಪಿನ ಗೆರೆಗಳು ಲೆಕ್ಕಕ್ಕೆ ಬರುವುದು ಒಂಬತ್ತರಲ್ಲಿ ಮಾತ್ರ.

ನಡೆದು ಹೋಗಿ ಅರ್ಧ ಗಂಟೆ ನೆಲ ನೋಡಿದೆ. ರಕ್ತದ ಹನಿ ಇಲ್ಲ, ಕೂದಲಿಲ್ಲ. ಪೂರ್ತಿ ತಪ್ಪಿದ್ದೇ ಪುಣ್ಯ. ಅದೇ ತಪ್ಪು ಇನ್ನೊಂದು ಸ್ವಲ್ಪ ಕಡಿಮೆ ಆಗಿದ್ದರೆ ಬೆನ್ನು ಸವರಿಕೊಂಡು ಹೋಗಿರೋದು, ಆಗ ಆ ಪ್ರಾಣಿ ಎಷ್ಟು ದಿನ ನರಳುತ್ತಿತ್ತೋ. ವಾಪಸ್ ಬರುವಾಗ ಸ್ಕೋಪನ್ನು ಬೈಯುತ್ತಾ ಬಂದೆ. ಬೈಯಬೇಕಾದದ್ದು ನನ್ನನ್ನು. ಅದನ್ನು ಕೊಳ್ಳುವಾಗ ನೋಡಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದೆ.

ಹೊಸ ಸ್ಕೋಪ್ ಆರಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಟೆಗೆ ಕಾನೂನು ಒಪ್ಪುವ ಕಡೆ, ಲೈಸೆನ್ಸ್ ಇಟ್ಟುಕೊಂಡು, ಸೀಸನ್ ನೋಡಿಕೊಂಡು ಹೋಗುವವರಿಗೆ ಇದು. ಒಪ್ಪದ ಕಡೆ ಕಾಗದದ ಗುರಿಗೆ ಹೊಡೆಯಿರಿ, ಲೆಕ್ಕ ಅಲ್ಲೂ ಇದೇ.

ಮೊದಲು ಬುಡದ ಮಾತು. ಗುಂಡು ನಳಿಕೆ ಬಿಟ್ಟ ಕ್ಷಣದಿಂದಲೇ ಬೀಳಲು ಶುರು ಮಾಡುತ್ತದೆ. ಸ್ಕೋಪ್ ನಳಿಕೆಗಿಂತ ಸುಮಾರು ಒಂದೂವರೆ ಇಂಚು ಮೇಲಿರುತ್ತದೆ. ನಳಿಕೆಯನ್ನು ಒಂಚೂರು ಮೇಲಕ್ಕೆ ಎತ್ತಿ ಕೂರಿಸಿದಾಗ ಗುಂಡು ಕೆಳಗಿನಿಂದ ಬಂದು ನೋಟದ ಗೆರೆಯನ್ನು ದಾಟಿ, ಮೇಲೆ ಹೋಗಿ, ಮತ್ತೆ ಕೆಳಗಿಳಿದು ಇನ್ನೊಮ್ಮೆ ದಾಟುತ್ತದೆ. ಈ ಎರಡನೇ ಸಲ ದಾಟುವ ಜಾಗವನ್ನೇ ನಾವು ಜೀರೋ ಅನ್ನುವುದು. ಅದರಾಚೆ ಗುಂಡು ಗುರಿಗಿಂತ ಕೆಳಗೇ. ಎಷ್ಟು ಕೆಳಗೋ ಅಷ್ಟು ಮೇಲೆ ಹಿಡಿಯಬೇಕು, ಅದೇ ಹೋಲ್ಡ್‌ಓವರ್. ಹಳಬರು ಇದನ್ನು ಬರೀ ಅಂದಾಜಿನಲ್ಲಿ ಮಾಡುತ್ತಿದ್ದರು. ಬೆನ್ನ ಮೇಲೆ ಒಂದು ಗೇಣು ಬಿಟ್ಟು ಹೊಡಿ ಅನ್ನೋ ತರಹ. ಖಾಲಿ ಗಾಳಿಗೆ ಗುರಿ ಇಡುವ ಕೆಲಸ, ನಿಜವಾಗಲೂ ಗಾಳಿಯಲ್ಲಿ ಗುಂಡು ಹೊಡೆದ ಹಾಗೇ. ಹೋಲ್ಡ್‌ಓವರ್ ರೆಟಿಕಲ್ ಮಾಡುವುದು ಇಷ್ಟೇ: ಅಡ್ಡಗೆರೆಯ ಕೆಳಗೆ ಇನ್ನೂ ಮೂರ್ನಾಲ್ಕು ಚಿಕ್ಕ ಗೆರೆ ಕೊಡುತ್ತದೆ. ದೂರಕ್ಕೆ ತಕ್ಕ ಗೆರೆಯನ್ನು ಪ್ರಾಣಿಯ ಮೇಲೇ ಇಡಬಹುದು, ಗಾಳಿಯಲ್ಲಿ ಹುಡುಕಬೇಕಾಗಿಲ್ಲ.

ಈಗ ಮುಖ್ಯವಾದದ್ದು. ಆ ಗೆರೆ ದೂರವನ್ನು ಹೇಳುವುದಿಲ್ಲ. ಗೆರೆ ಅಂದರೆ ಒಂದು ಕೋನ, ಅಷ್ಟೇ. ಒಂದು ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ, 100 ಗಜದಲ್ಲಿ 1.047 ಇಂಚು. ಲೆಕ್ಕಕ್ಕೆ ಒಂದು ಇಂಚು ಅಂತ ಹಿಡಿಯಿರಿ, 300 ಗಜಕ್ಕೆ ಮೂರು ಇಂಚಿಗೆ ಚೂರು ಜಾಸ್ತಿ. ಮಿಲ್ ಅಂದರೆ 100 ಮೀಟರಿಗೆ 10 ಸೆಂಟಿಮೀಟರ್. ಪೆಟ್ಟಿಗೆಯ ಮೇಲೆ 200, 300, 400 ಅಂತ ಎಷ್ಟು ಚಂದ ಪ್ರಿಂಟ್ ಮಾಡಿದ್ದರೂ ಒಳಗಿರುವುದು ಈ ಕೋನಗಳೇ. ಬೇಟೆ ಸ್ಕೋಪುಗಳಲ್ಲಿ ಜಾಸ್ತಿ ಕಾಣುವ ಅಳತೆ ಅಂದರೆ ಒಂದೂವರೆ, ನಾಲ್ಕೂವರೆ, ಏಳೂವರೆ, ಹನ್ನೊಂದು ಎಂಒಎ, ಇಲ್ಲವೇ ಅದರ ಆಸುಪಾಸು. ಇದು ಸುಮ್ನೆ ಬಂದ ಸಂಖ್ಯೆ ಅಲ್ಲ. .308 ವಿಂಚೆಸ್ಟರ್ ಅನ್ನುವ ತೋಟಾದ 165 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಟು, 100 ಗಜಕ್ಕೆ ಜೀರೋ ಆಗಿದ್ದರೆ, 300 ಗಜದಲ್ಲಿ ಹದಿನಾಲ್ಕು ಇಂಚಿನ ಹತ್ತಿರ ಬೀಳುತ್ತದೆ. ನಾಲ್ಕೂವರೆ ಎಂಒಎ ಅಂದರೆ ಅದೇ ಅಲ್ವಾ. 400ಕ್ಕೆ ಮೂವತ್ತೊಂದು ಇಂಚಿನ ಸುಮಾರು, ಅದು ಏಳೂವರೆ.

ಆದರೆ ನಿಮ್ಮ ಕೋವಿ .270 ಆಗಿದ್ದರೆ? 130 ಗ್ರೇನ್ ಗುಂಡು 3060 ಅಡಿ ವೇಗದಲ್ಲಿ ಹೋಗುತ್ತದೆ, 300 ಗಜಕ್ಕೆ ಹತ್ತೂವರೆ ಇಂಚು ಬಿದ್ದರೆ ಹೆಚ್ಚು. ಅದೇ ಎರಡನೇ ಗೆರೆ ಅದಕ್ಕೆ 350 ಗಜದ ಗೆರೆ. ಗೆರೆ ಅಲ್ಲೇ ಇದೆ, ಅದರ ಅರ್ಥ ಬದಲಾಯಿತು. ಸ್ಕೋಪ್ ಮಾಡಿದವರು ಯಾವುದೋ ಸರಾಸರಿ ಗುಂಡನ್ನು ತಲೆಯಲ್ಲಿಟ್ಟುಕೊಂಡು ಗೆರೆ ಕೊರೆದಿರುತ್ತಾರೆ. ಗೆರೆಗೆ ನಿಮ್ಮ ಗುಂಡಿನ ಪರಿಚಯ ಇಲ್ಲ, ಪರಿಚಯ ಮಾಡಿಸಬೇಕಾದವರು ನೀವು. ಇದು ತಲೆಗೆ ಹೋದ ಮೇಲೆ ಕ್ಯಾಟಲಾಗ್ ನೋಡುವ ಕಣ್ಣೇ ಬೇರೆ ಆಗುತ್ತದೆ.

ಅಷ್ಟಕ್ಕೂ ಇದು ನಿಮಗೆ ಬೇಕಾ? ಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚಿನ ಒಂದು ವೃತ್ತ. ಮೇಲೆ ಹೇಳಿದ ಅದೇ .308 ಕೋವಿಯನ್ನು 225 ಗಜದ ಹತ್ತಿರ ಜೀರೋ ಮಾಡಿದರೆ, ಗುಂಡು ನೋಟದ ಗೆರೆಗಿಂತ ಮೂರು ಇಂಚು ಮೇಲೂ ಹೋಗುವುದಿಲ್ಲ, ಸುಮಾರು 260 ಗಜದ ತನಕ ಮೂರು ಇಂಚು ಕೆಳಗೂ ಇಳಿಯುವುದಿಲ್ಲ. ಅಂದರೆ ಅಲ್ಲಿಯ ತನಕ ಯಾವ ಗೆರೆಯೂ ಬೇಡ, ನಡುಮಧ್ಯಕ್ಕೆ ಇಟ್ಟು ಹೊಡೆದರೆ ಆಯಿತು. ದಟ್ಟ ಕಾಡಿನಲ್ಲಿ 80 ಗಜ, 120 ಗಜಕ್ಕೆ ಹೊಡೆಯುವವರು ಹೋಲ್ಡ್‌ಓವರ್ ರೆಟಿಕಲ್ಲಿಗೆ ಯಾಕೆ ದುಡ್ಡು ಹಾಕಬೇಕೋ ನನಗೆ ಗೊತ್ತಾಗುವುದಿಲ್ಲ. ಅಂಥವರಿಗೆ ದಪ್ಪ ಕಾಲಿನ ಸಾದಾ ಡ್ಯುಪ್ಲೆಕ್ಸ್ ಸಾಕು. ಲ್ಯೂಪೋಲ್ಡ್ ಕಂಪನಿ 1962ರಲ್ಲಿ ತಂದ ಆ ನಮೂನೆ ಇವತ್ತಿಗೂ ನಡೆಯುತ್ತಿದೆ ಅಂದರೆ ಸುಮ್ನೆ ಅಲ್ಲ.

ಇನ್ನೊಂದು ಗುಟ್ಟು. ಆ ಡ್ಯುಪ್ಲೆಕ್ಸಿನಲ್ಲೇ ಒಂದು ಹೋಲ್ಡ್‌ಓವರ್ ಗುರುತು ಪುಕ್ಕಟೆಯಾಗಿ ಇದೆ. ಕೆಳಗಿನ ಸಣ್ಣ ಗೆರೆ ಮುಗಿದು ದಪ್ಪ ಕಾಲು ಶುರುವಾಗುತ್ತದಲ್ಲ, ಆ ತುದಿ. ಅದು ಎಷ್ಟು ಎಂಒಎ ಅಂತ ಅಳೆದುಕೊಂಡರೆ ನಿಮ್ಮ ಹಳೇ ಸ್ಕೋಪಿನಲ್ಲೇ ಒಂದು ದೂರದ ಗುರುತು ಸಿಕ್ಕಿತು. ಅಳೆಯುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

250 ದಾಟಿ 350, 400ರ ತನಕ ಹೊಡೆಯುವ ಬಯಲು ನಿಮ್ಮದಾದರೆ, ಅಷ್ಟು ದೂರಕ್ಕೆ ಹೊಡೆಯುವ ಕೈ ನಿಮಗಿದ್ದರೆ (ಎರಡೂ ಬೇರೆ ಬೇರೆ), ಆಗ ಗೆರೆ ಬೇಕು. ಯಾವ ತರಹದ ಗೆರೆ?

ನಾನು ಇವನ್ನು ಮೂರು ಜಾತಿ ಮಾಡಿಕೊಂಡಿದ್ದೇನೆ. ಒಂದು, ಮೂರ್ನಾಲ್ಕು ಗುರುತಿನ ಬಿ.ಡಿ.ಸಿ. (ಗುಂಡು ಬೀಳುವುದನ್ನು ಸರಿದೂಗಿಸುವ) ಜಾತಿ. ಬರಿಸ್ ಕಂಪನಿಯ ಬ್ಯಾಲಿಸ್ಟಿಕ್ ಪ್ಲೆಕ್ಸ್ ಇದ್ದ ಹಾಗೆ ಪುಟ್ಟ ಅಡ್ಡಗೆರೆಗಳು, ಅಥವಾ ನಿಕಾನ್ ಕೊಡುತ್ತಿದ್ದ ಹಾಗೆ ಪುಟ್ಟ ಉಂಗುರಗಳು. ಎರಡು, ಸಮ ಅಂತರದ ಗುರುತಿನವು, ಪ್ರತಿ ಎರಡು ಎಂಒಎಗೆ ಒಂದು ಅಥವಾ ಅರ್ಧ ಮಿಲ್ಲಿಗೆ ಒಂದು, ಸ್ಕೇಲಿನ ಹಾಗೆ. ಮೂರನೆಯದು ಮರ. ಹೋರಸ್ ಕಂಪನಿಯಿಂದ ಹೆಸರಾದ ನಮೂನೆ, ಕೆಳಗೆ ಹೋಗುತ್ತಾ ಹೋಗುತ್ತಾ ಅಗಲವಾಗುವ ಚುಕ್ಕಿಗಳ ಸಾಲು, ಗಾಳಿಗೂ ಗುರುತು, ಬೀಳುವಿಕೆಗೂ ಗುರುತು. ಕಾಗದದ ಮೇಲೆ ನೋಡಲು ಮರದಂಥದ್ದು ಬಹಳ ಆಸೆ ಹುಟ್ಟಿಸುತ್ತದೆ. ಹೊಲದ ಅಂಚಿನಲ್ಲಿ, ಮಬ್ಬು ಬೆಳಕಿನಲ್ಲಿ, ಒಣ ಹುಲ್ಲಿನ ನಡುವೆ ನಿಂತ ಕಂದು ಜಿಂಕೆಯ ಮೇಲೆ ಇಟ್ಟು ನೋಡಿ. ಚುಕ್ಕಿ ಯಾವುದು, ಹುಲ್ಲಿನ ಕಡ್ಡಿ ಯಾವುದು ಗೊತ್ತಾಗುವುದಿಲ್ಲ. ಸ್ಟೀಲ್ ತಟ್ಟೆಗೆ ದೂರದಿಂದ ಹೊಡೆಯುವ ಪಂದ್ಯಕ್ಕೆ ಅದು ಅದ್ಭುತ, ಬೇಟೆಗೆ ನನ್ನ ಮಟ್ಟಿಗೆ ಬೇಡ.

ಒಂದನೇ ಜಾತಿ, ಎರಡನೇ ಜಾತಿಯ ನಡುವೆ ಜಗಳ ಜಾಸ್ತಿ ಇದೆ. ಸಮ ಅಂತರದ ಗುರುತು ಪ್ರಾಮಾಣಿಕ. ನಾನು ಇಷ್ಟು ಎಂಒಎ, ಅರ್ಥ ನೀನು ಹಚ್ಚಿಕೋ ಅನ್ನುತ್ತದೆ. ಗುಂಡು ಬದಲಾಯಿಸಿದರೂ ತೊಂದರೆ ಇಲ್ಲ. ಆದರೆ ಹತ್ತು ಗುರುತಿನ ಪೈಕಿ ಆರನೆಯದು ಯಾವುದು ಅಂತ ಎಣಿಸುತ್ತಾ ಕೂತರೆ ಪ್ರಾಣಿ ನಮ್ಮ ಎಣಿಕೆಗೆ ಕಾಯುವುದಿಲ್ಲ. ಮೂರ್ನಾಲ್ಕೇ ಗುರುತಿನದ್ದರಲ್ಲಿ ಎಣಿಸುವ ಗೊಡವೆ ಇಲ್ಲ, ಒಂದು ನೋಟಕ್ಕೆ ಕಾಣುತ್ತದೆ. ನಾನು ಕೊನೆಗೆ ಅದಕ್ಕೇ ಹೋದೆ. ಉಂಗುರಕ್ಕಿಂತ ಗೆರೆ ವಾಸಿ ಅನ್ನುವುದು ನನ್ನ ರುಚಿ. ಉಂಗುರದ ನಡುವೆ ಗುರಿ ಚೆನ್ನಾಗಿ ಕಾಣುತ್ತದೆ ಅನ್ನುವವರೂ ಇದ್ದಾರೆ, ಅದೂ ಸುಳ್ಳಲ್ಲ.

ಈಗ ನನ್ನನ್ನು ಕೆಡವಿದ ವಿಷಯಕ್ಕೆ ಬರುತ್ತೇನೆ.

ಝೂಮ್ ಇರುವ ಸ್ಕೋಪಿನಲ್ಲಿ ರೆಟಿಕಲ್ಲನ್ನು ಎರಡು ಜಾಗದಲ್ಲಿ ಕೂರಿಸಬಹುದು. ಝೂಮ್ ಮಾಡುವ ಲೆನ್ಸುಗಳಿಗಿಂತ ಮುಂದೆ ಕೂರಿಸಿದರೆ ಫಸ್ಟ್ ಫೋಕಲ್ ಪ್ಲೇನ್. ಝೂಮ್ ಮಾಡಿದಾಗ ಪ್ರಾಣಿಯ ಜೊತೆ ರೆಟಿಕಲ್ಲೂ ದೊಡ್ಡದಾಗುತ್ತದೆ, ಹಾಗಾಗಿ ಯಾವ ಝೂಮಿನಲ್ಲೂ ಗೆರೆಯ ಲೆಕ್ಕ ಬದಲಾಗುವುದಿಲ್ಲ. ಹಿಂದೆ, ಕಣ್ಣಿನ ಕಡೆ ಕೂರಿಸಿದರೆ ಸೆಕೆಂಡ್ ಫೋಕಲ್ ಪ್ಲೇನ್. ಪ್ರಾಣಿ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ, ರೆಟಿಕಲ್ ಮಾತ್ರ ಕಣ್ಣಿಗೆ ಒಂದೇ ಗಾತ್ರ. ಇಲ್ಲಿ ಗೆರೆಯ ಲೆಕ್ಕ ಒಂದೇ ಒಂದು ಝೂಮಿನಲ್ಲಿ ನಿಜ, ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಝೂಮಿನಲ್ಲಿ. ಝೂಮ್ ಅರ್ಧಕ್ಕೆ ಇಳಿದರೆ ಗೆರೆ ಹೇಳುವುದು ಎರಡರಷ್ಟು.

ನನಗೆ ಆದದ್ದು ಇದೇ. 3-9 ಸ್ಕೋಪ್, ಒಂಬತ್ತರಲ್ಲಿ ಎರಡನೇ ಗೆರೆ ನಾಲ್ಕೂವರೆ ಎಂಒಎ. ಹುಡುಕುವಾಗ ಅಗಲವಾಗಿ ಕಾಣಲಿ ಅಂತ ಝೂಮ್ ಇಳಿಸಿದ್ದೆ, ಮತ್ತೆ ಏರಿಸುವುದು ಮರೆತೆ. ನಾಲ್ಕೂವರೆ ಝೂಮಿನಲ್ಲಿ ಆ ಗೆರೆ ಒಂಬತ್ತು ಎಂಒಎ ಆಗಿ ಕೂತಿತ್ತು. 300 ಗಜದಲ್ಲಿ ಬೇಕಾದದ್ದು ಹದಿನಾಲ್ಕು ಇಂಚು, ನಾನು ಕೊಟ್ಟದ್ದು ಇಪ್ಪತ್ತೆಂಟು. ಎದೆಯ ನಡುವಿನಿಂದ ಬೆನ್ನಿಗೆ ಎಂಟೋ ಒಂಬತ್ತೋ ಇಂಚು. ಲೆಕ್ಕ ಎಷ್ಟು ನೇರವಾಗಿದೆ ನೋಡಿ, ಅದು ತಪ್ಪದೇ ಇದ್ದಿದ್ದರೇ ಆಶ್ಚರ್ಯ.

ಹಾಗಾದರೆ ಫಸ್ಟ್ ಫೋಕಲ್ ಪ್ಲೇನ್ ತಗೊಂಡರೆ ತಲೆನೋವೇ ಇಲ್ಲವಲ್ಲ ಅಂತೀರಿ. ನಾನೂ ಅಂದುಕೊಂಡೆ, ಒಬ್ಬ ಗೆಳೆಯನ ಸ್ಕೋಪನ್ನು ಎರಡು ವಾರ ಇಟ್ಟುಕೊಂಡು ನೋಡಿದೆ. ಮಧ್ಯಾಹ್ನ, ರೇಂಜಿನಲ್ಲಿ, ಜಾಸ್ತಿ ಝೂಮಿನಲ್ಲಿ, ಬಹಳ ಸೊಗಸು. ಸಂಜೆ ಕಾಡಿನ ಅಂಚಿನಲ್ಲಿ ಝೂಮ್ ಮೂರಕ್ಕೆ ಇಳಿಸಿದೆ. ರೆಟಿಕಲ್ ಜೇಡರ ಬಲೆಯ ಎಳೆಯಷ್ಟು ತೆಳ್ಳಗಾಗಿ ಕತ್ತಲೆ ಪೊದೆಯ ಮುಂದೆ ಕರಗಿಹೋಯಿತು. ಬೇಟೆಯಲ್ಲಿ ಹತ್ತಿರದ, ಅವಸರದ ಹೊಡೆತ ಬರುವುದೇ ಆ ಕಡಿಮೆ ಝೂಮಿನಲ್ಲಿ, ಆ ಕಡಿಮೆ ಬೆಳಕಿನಲ್ಲಿ. ರೆಟಿಕಲ್ಲಿಗೆ ದೀಪ ಇದ್ದರೆ ಪರವಾಗಿಲ್ಲ. ಆದರೆ ಬೆಳಕನ್ನು ತೀರಾ ಕೆಳಗಿನ ಮಟ್ಟಕ್ಕೆ ಇಳಿಸುವ ಸೌಲಭ್ಯ ಇರಬೇಕು, ಇಲ್ಲದಿದ್ದರೆ ಆ ಕೆಂಪು ಹೊಳಪೇ ಪ್ರಾಣಿಯನ್ನು ಮುಚ್ಚುತ್ತದೆ. ಬ್ಯಾಟರಿ ಸತ್ತ ದಿನ ಏನು ಅನ್ನುವ ಪ್ರಶ್ನೆಯೂ ಇದ್ದೇ ಇದೆ.

ಅದಕ್ಕೇ ನಾನು ಸೆಕೆಂಡ್ ಫೋಕಲ್ ಪ್ಲೇನಿಗೇ ವಾಪಸ್ ಬಂದೆ. ನನ್ನನ್ನು ಕೆಡವಿದ್ದಕ್ಕೇ ಮತ್ತೆ ದುಡ್ಡು ಹಾಕಿದೆ ಅಂತ ಗೆಳೆಯ ಇವತ್ತಿಗೂ ನಗುತ್ತಾನೆ. ಆದರೆ ಈ ಸಲ ಒಂದು ಷರತ್ತಿನ ಮೇಲೆ: ಮೇಲಿನ ಝೂಮ್ ಹತ್ತಕ್ಕಿಂತ ಜಾಸ್ತಿ ಇರಬಾರದು. ಇದರ ಹಿಂದಿನ ಯೋಚನೆ ಹೇಳುತ್ತೇನೆ. 5-25 ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ ಗೆರೆ ಸಾಮಾನ್ಯವಾಗಿ ನಿಜವಾಗುವುದು 25ರಲ್ಲಿ. ಕಾಡಿನಲ್ಲಿ ಯಾರು 25ರಲ್ಲಿ ಹೊಡೆಯುತ್ತಾರೆ? ಎದೆಬಡಿತಕ್ಕೇ ರೆಟಿಕಲ್ ಕುಣಿಯುತ್ತದೆ, ಬಿಸಿಲಿಗೆ ನೆಲದ ಕಾವು ಅಲೆಅಲೆಯಾಗಿ ಏಳುವುದು ಕಾಣುತ್ತದೆ, ನೋಟದ ಅಗಲ ಎಷ್ಟು ಕಡಿಮೆ ಅಂದರೆ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಮತ್ತೆ ಹುಡುಕಬೇಕು. 2.5-10ರಲ್ಲಿ ಆದರೆ ಗೆರೆ ನಿಜವಾಗುವುದು ಹತ್ತರಲ್ಲಿ, ಹತ್ತರಲ್ಲಿ 300 ಗಜಕ್ಕೆ ಹೊಡೆಯುವುದು ಸಹಜ. ರಿಂಗ್ ಅಲ್ಲಿಗೆ ಹೋಗಿ ತಾನೇ ನಿಲ್ಲುತ್ತದೆ, ನೋಡುವುದೂ ಬೇಡ. ನನ್ನ ನಿಯಮ ಈಗ ಒಂದೇ: ಗೆರೆ ಬಳಸುವುದಾದರೆ ರಿಂಗ್ ತಡೆಯುವ ತನಕ ತಿರುಗಿಸು. ತಿರುಗಿಸುವಷ್ಟು ಟೈಮ್ ಇಲ್ಲ ಅಂದರೆ ಅದು ಗೆರೆ ಬಳಸುವ ಹೊಡೆತವೇ ಅಲ್ಲ. ಝೂಮೇ ಇಲ್ಲದ 6×42 ಸ್ಕೋಪಿನಲ್ಲಿ ಗೆರೆ ಇದ್ದರೆ ಈ ರಗಳೆಯೇ ಇರುವುದಿಲ್ಲ, ಅಂಥವು ಕಡಿಮೆ, ಸಿಕ್ಕರೆ ಬಿಡಬೇಡಿ.

42 ಅಂದಾಗ ನೆನಪಾಯಿತು. ಮುಂದಿನ ಲೆನ್ಸಿನ ಅಗಲವನ್ನು ಝೂಮಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 42 ಮಿಲಿಮೀಟರ್ ಲೆನ್ಸ್, 6 ಝೂಮ್, 7 ಮಿಲಿಮೀಟರ್ ಬಿಲ್ಲೆ. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಅಷ್ಟು ಅರಳುತ್ತದೆ, ವಯಸ್ಸಾದಂತೆ ಅದು ಐದರ ಹತ್ತಿರಕ್ಕೆ ಇಳಿಯುತ್ತದೆ. ಅದೇ ಲೆನ್ಸಿಗೆ ಹತ್ತು ಝೂಮ್ ಇಟ್ಟರೆ 4.2 ಮಾತ್ರ. ಅಂದರೆ ಸೆಕೆಂಡ್ ಫೋಕಲ್ ಪ್ಲೇನಿನ ಗೆರೆ ಬೇಕು ಅಂದಾಗ ನೀವು ಬೆಳಕನ್ನೂ ಸ್ವಲ್ಪ ಬಿಟ್ಟುಕೊಡುತ್ತೀರಿ. ಕೊನೆಯ ಬೆಳಕಿನಲ್ಲಿ ದೂರದ ಹೊಡೆತ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ. ಮತ್ತೆ, ಟ್ಯೂಬ್ 30 ಮಿಲಿಮೀಟರ್ ಇದ್ದರೆ ಒಂದು ಇಂಚಿನದಕ್ಕಿಂತ ಬೆಳಕು ಜಾಸ್ತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟ್ಯೂಬ್ ದಪ್ಪ ಇದ್ದರೆ ಟರೆಟ್ (ಗುರಿಯನ್ನು ಮೇಲೆ ಕೆಳಗೆ ಸರಿಸುವ ತಿರುಪು) ತಿರುಗಿಸುವ ಅಳತೆ ಜಾಸ್ತಿ ಸಿಗುತ್ತದೆ, ಬೆಳಕು ಅಲ್ಲ.

ಟರೆಟ್ ತಿರುಗಿಸಿ ಹೊಡೆಯುವವರ ಪಂಗಡ ಬೇರೆ ಇದೆ. ಕ್ಲಿಕ್ಕಿಗೆ ಕಾಲು ಎಂಒಎ ಅಥವಾ 0.1 ಮಿಲ್, ದೂರಕ್ಕೆ ತಕ್ಕಷ್ಟು ತಿರುಗಿಸಿ ನಡುಮಧ್ಯಕ್ಕೆ ಇಟ್ಟು ಹೊಡೆ. ಗೆರೆಗಿಂತ ಅದು ನಿಖರ, ಒಪ್ಪುತ್ತೇನೆ. ಪ್ರಾಣಿ ನಿಂತು ಮೇಯುತ್ತಿದ್ದರೆ, ನಿಮಗೆ ಪುರುಸೊತ್ತು ಇದ್ದರೆ, ಅದೇ ಒಳ್ಳೆಯದು. ಆದರೆ ತಿರುಗಿಸಿದ್ದನ್ನು ವಾಪಸ್ ಜೀರೋಗೆ ತರುವುದನ್ನು ಮರೆತು ಮಾರನೇ ದಿನ 100 ಗಜದ ಹೊಡೆತ ಮೇಲೆ ಹಾರಿಸಿದವರ ಕಥೆ ಎಲ್ಲ ಕ್ಯಾಂಪಿನಲ್ಲೂ ಇದೆ. ಝೂಮ್ ರಿಂಗ್ ಮರೆತ ನಾನು ಟರೆಟ್ ಮರೆಯುವುದಿಲ್ಲ ಅಂತ ಯಾವ ಬಾಯಿಂದ ಹೇಳಲಿ?

ಇನ್ನು ಅಳೆಯುವ ಕೆಲಸ. ಇದನ್ನು ಬಹಳ ಜನ ಮಾಡುವುದೇ ಇಲ್ಲ, ನಾನೂ ಮಾಡಿರಲಿಲ್ಲ. ಒಂದು ಉದ್ದ ಬಿಳಿ ಕಾಗದ ತಗೊಳ್ಳಿ, ನಾಲ್ಕು ಅಡಿ ಇರಲಿ. ನಡುವೆ ಮಾರ್ಕರಿನಲ್ಲಿ ಉದ್ದುದ್ದ ಗೆರೆ ಎಳೆದು ಇಂಚಿಗೊಂದು ಅಡ್ಡಗುರುತು ಹಾಕಿ, ಐದಕ್ಕೊಂದು ದಪ್ಪ. ಸರಿಯಾಗಿ 100 ಗಜದಲ್ಲಿ ನೇತುಹಾಕಿ. ಅಂದಾಜಿನ 100 ಅಲ್ಲ, ಟೇಪ್ ಹಿಡಿದು ಅಳೆದ 100. ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು ಮರಳು ಚೀಲದ ಮೇಲೆ ಕೂರಿಸಿ, ರಿಂಗನ್ನು ಕೊನೆ ತನಕ ತಿರುಗಿಸಿ, ನಡುಗೆರೆಯನ್ನು ಮೇಲಿನ ಸೊನ್ನೆಗೆ ಇಟ್ಟು ಉಳಿದ ಗೆರೆಗಳು ಎಷ್ಟನೇ ಇಂಚಿಗೆ ಬಂದವು ಅಂತ ಬರೆದುಕೊಳ್ಳಿ.

ನನ್ನ ಹೊಸ ಸ್ಕೋಪಿನಲ್ಲಿ ಎರಡನೇ ಗೆರೆ 4.7 ಇಂಚಿನ ಮೇಲೆ ಕೂರಬೇಕಿತ್ತು, ನಾಲ್ಕೂವರೆ ಎಂಒಎಗೆ ಅಷ್ಟೇ. ಬಂದದ್ದು ಐದಕ್ಕೆ ಒಂಚೂರು ಕಮ್ಮಿ. ಮೊದಲು ಸ್ಕೋಪಿನದೇ ತಪ್ಪು ಅಂದುಕೊಂಡೆ. ಆಮೇಲೆ ನೋಡಿದರೆ ರಿಂಗ್ ಕೊನೆ ಮುಟ್ಟಿರಲಿಲ್ಲ, ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಕೊನೆ ತನಕ ಒತ್ತಿ ತಿರುಗಿಸಿದೆ. ಗೆರೆ ನಿಧಾನಕ್ಕೆ ಮೇಲೆ ಸರಿದು 4.7ರ ಮೇಲೆ ಬಂದು ಕೂತಿತು. ಕಣ್ಣೆದುರೇ ಹಾಗೆ ಸರಿದದ್ದು ನೋಡಿದ ಮೇಲೆ ಸೆಕೆಂಡ್ ಫೋಕಲ್ ಪ್ಲೇನ್ ಅಂದರೆ ಏನು ಅಂತ ಇನ್ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ರಿಂಗನ್ನು ಅರ್ಧಕ್ಕೆ ತಂದು ನೋಡಿದೆ, ಅದೇ ಗೆರೆ ಒಂಬತ್ತೂವರೆ ಇಂಚಿನ ಹತ್ತಿರ. ಅಲ್ಲಿ ಆ ಜಿಂಕೆ ನೆನಪಾಯಿತು.

ಕೋನ ಗೊತ್ತಾಯಿತು. ಈಗ ಗುಂಡಿನ ಸರದಿ. ಪೆಟ್ಟಿಗೆಯ ಮೇಲೆ 2700 ಅಡಿ ಅಂತ ಬರೆದಿರುತ್ತದೆ. ಅಂಥ ವೇಗವನ್ನು ಸಾಮಾನ್ಯವಾಗಿ ಅಳೆಯುವುದು 24 ಇಂಚಿನ ನಳಿಕೆಯಲ್ಲಿ. ನನ್ನದು 20 ಇಂಚಿನ ಮೋಟು ನಳಿಕೆ, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದರೆ 2610. ತೊಂಬತ್ತು ಅಡಿ ಹೋಯಿತು. ಇದನ್ನು ಗುಂಡಿನ ದಾರಿಯ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪಿಗೆ ಹಾಕಿದರೆ ದೂರಗಳು ಬರುತ್ತವೆ. ಆದರೆ ಆ್ಯಪ್ ಹೇಳಿದ್ದನ್ನು ಕಾಗದದ ಮೇಲೆ ಹೊಡೆದು ನೋಡದೆ ನಂಬಬೇಡಿ. ಪ್ರತಿ ದೂರಕ್ಕೆ ಕನಿಷ್ಠ ಐದು ಗುಂಡು, ಅದೂ ಬೆಂಚಿನ ಮೇಲೆ ಮಾತ್ರ ಅಲ್ಲ, ಚೀಲಕ್ಕೆ ಒರಗಿ, ಕೂತು, ಕಾಡಿನಲ್ಲಿ ಹೇಗೆ ಹೊಡೆಯುತ್ತೀರೋ ಹಾಗೆ. ಬೆಂಚಿನಿಂದ ಎದ್ದ ಮೇಲೆ ನನ್ನ ಗುಂಡುಗಳು ಬಿದ್ದ ಗುಂಪು ಎರಡರಷ್ಟು ಅಗಲವಾಯಿತು, ಮುಚ್ಚಿಡುವುದೇನು. ಗುಂಡಿಗೆ ದುಡ್ಡು ಜಾಸ್ತಿ ಅನಿಸಿದರೆ ಸಣ್ಣ .22 ಕೋವಿಯ ಮೇಲೆ ಇಂಥದೇ ರೆಟಿಕಲ್ ಕೂರಿಸಿ ಅಭ್ಯಾಸ ಮಾಡಿ. 50 ಗಜಕ್ಕೆ ಜೀರೋ ಮಾಡಿದ .22 ಗುಂಡು 100 ಗಜಕ್ಕೆ ಸುಮಾರು ಆರು ಇಂಚು ಬೀಳುತ್ತದೆ. ಗೆರೆ ಬಳಸುವ ಕೈ ಪಳಗಲು ಅದಕ್ಕಿಂತ ಅಗ್ಗದ ಮೇಷ್ಟ್ರು ಇಲ್ಲ.

ಈ ಸಲ ಜೀರೋವನ್ನೂ 100ರಿಂದ 200ಕ್ಕೆ ಬದಲಾಯಿಸಿದೆ. 100 ಗಜದಲ್ಲಿ ಗುಂಡು ಎರಡು ಇಂಚು ಮೇಲೆ, 250ರಲ್ಲಿ ನಾಲ್ಕು ಇಂಚಿನೊಳಗೆ ಕೆಳಗೆ. ಅಲ್ಲಿಯ ತನಕ ಗೆರೆ ಮರೆತೇಬಿಡಬಹುದು. ರೆಟಿಕಲ್ ಕೊಂಡು ಗೆರೆ ಮರೆಯುವುದಾ ಅಂದರೆ, ಹೌದು. ಅವಸರದಲ್ಲಿ ಕಡಿಮೆ ಯೋಚಿಸಬೇಕಾದಷ್ಟೂ ಒಳ್ಳೆಯದು.

ಸ್ಕೋಪ್ ಕೂರಿಸುವಾಗ ಒಂದು ಎಚ್ಚರ. ರೆಟಿಕಲ್ ಓರೆಯಾಗಿ ಕೂತರೆ ಗೆರೆ ಕೆಳಗೆ ಹೋದಂತೆಲ್ಲ ಪಕ್ಕಕ್ಕೂ ಹೋಗುತ್ತದೆ. ಹೊಡೆಯುವಾಗ ಕೋವಿಯನ್ನು ಐದು ಡಿಗ್ರಿ ಓರೆ ಹಿಡಿದರೆ 300 ಗಜದಲ್ಲಿ ಗುಂಡು ಒಂದು ಇಂಚಿಗೂ ಜಾಸ್ತಿ ಪಕ್ಕಕ್ಕೆ. ದಾರಕ್ಕೆ ಭಾರ ಕಟ್ಟಿ ದೂರದಲ್ಲಿ ನೇತುಹಾಕಿ, ಗಾರೆ ಕೆಲಸದವರು ಗೋಡೆಗೆ ತೂಗುಗುಂಡು ಬಿಡುವ ಹಾಗೆ. ಕೋವಿಯನ್ನು ಮಟ್ಟಸ ಮಾಡಿ ಉದ್ದಗೆರೆಯನ್ನು ಆ ದಾರಕ್ಕೆ ಹೊಂದಿಸಿ ಸ್ಕ್ರೂ ಬಿಗಿ ಮಾಡಿ. ಬಿಗಿ ಮಾಡುವಾಗ ಸ್ಕೋಪ್ ಒಂಚೂರು ತಿರುಗಿಕೊಳ್ಳುತ್ತದೆ, ಶನಿ. ಮತ್ತೆ ನೋಡಿ.

ದೂರ ಸರಿಯಾಗಿ ಗೊತ್ತಿಲ್ಲದಿದ್ದರೆ ಗೆರೆ ಬರೀ ಅಲಂಕಾರ. 350 ಗಜವನ್ನು 300 ಅಂತ ಅಂದಾಜು ಮಾಡಿದರೆ ನನ್ನ ಕೋವಿಯಲ್ಲಿ ಆರೇಳು ಇಂಚು ಕೆಳಗೆ, ಎದೆಯ ಬದಲು ಕಾಲಿಗೆ. ಸ್ಕೋಪಿಗೆ ಇಟ್ಟ ದುಡ್ಡಿನಲ್ಲಿ ಒಂದು ಭಾಗ ತೆಗೆದು ರೇಂಜ್‌ಫೈಂಡರಿಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಇಳಿಜಾರಿನಲ್ಲಿ ಇನ್ನೊಂದು ಮೋಸ ಇದೆ. 30 ಡಿಗ್ರಿ ಇಳಿಜಾರಿನ ಕೆಳಗೆ 300 ಗಜ ದೂರದಲ್ಲಿ ಪ್ರಾಣಿ ಇದ್ದರೆ ಗುಂಡು ಬೀಳುವ ಲೆಕ್ಕಕ್ಕೆ ಬರುವುದು ಸುಮಾರು 260 ಗಜ ಮಾತ್ರ. ಮೇಲಕ್ಕೆ ಹೊಡೆದರೂ ಅಷ್ಟೇ, ಕೆಳಕ್ಕೆ ಹೊಡೆದರೂ ಅಷ್ಟೇ. ಈಗಿನ ಎಷ್ಟೋ ರೇಂಜ್‌ಫೈಂಡರುಗಳು ಇದನ್ನು ತಾವೇ ಕಳೆದು ಹೇಳುತ್ತವೆ.

ಗಾಳಿಗೆ ಅಂತ ಪಕ್ಕದ ಗುರುತು ಇರುವ ರೆಟಿಕಲ್ ತಗೊಳ್ಳಬೇಕಾ? ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಗೆ .308 ಗುಂಡು 300 ಗಜದಲ್ಲಿ ಏಳು ಇಂಚಿನ ಹತ್ತಿರ ಸರಿಯುತ್ತದೆ, 400ರಲ್ಲಿ ಒಂದು ಅಡಿ ಮುಟ್ಟುತ್ತದೆ. ಸಣ್ಣದಲ್ಲ. ಆದರೆ ನಿಮ್ಮ ಕೆನ್ನೆಗೆ ಬಡಿಯುವ ಗಾಳಿ ಬೇರೆ, ನಡುವಿನ ಕಣಿವೆಯ ಗಾಳಿ ಬೇರೆ. ಗುರುತು ಇದ್ದ ಮಾತ್ರಕ್ಕೆ ಗಾಳಿ ಓದಲು ಬರುವುದಿಲ್ಲ. ಒಂದೆರಡು ಗುರುತು ಇದ್ದರೆ ಇರಲಿ. ನಾನಂತೂ ಹುಲ್ಲು ಬಾಗುವಷ್ಟು ಗಾಳಿ ಇದ್ದರೆ ಇನ್ನೂ ಹತ್ತಿರ ಹೋಗಲು ನೋಡುತ್ತೇನೆ, ಆಗದಿದ್ದರೆ ಬಿಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಕೊಂಡದ್ದು 2.5-10×42, ಸೆಕೆಂಡ್ ಫೋಕಲ್ ಪ್ಲೇನ್, ಕೆಳಗೆ ನಾಲ್ಕು ಪುಟ್ಟ ಗೆರೆ, ನಡುವೆ ಕೂದಲಿಗಿಂತ ದಪ್ಪ, ಅಂಚಿನಲ್ಲಿ ಬೊಡ್ಡೆಯಂಥ ಕಾಲುಗಳು. ಕತ್ತಲಾದಾಗ ಸಣ್ಣ ಗೆರೆ ಕಾಣದೇ ಹೋದರೂ ಆ ಕಾಲುಗಳ ನಡುವೆ ಪ್ರಾಣಿಯನ್ನು ಇಡಬಹುದು. ಜೊತೆಗೆ ಬಂದ ಪುಸ್ತಕದಲ್ಲಿ ಗೆರೆಗಳ ಪಕ್ಕ 200, 300, 400, 500 ಅಂತ ಅಚ್ಚುಕಟ್ಟಾಗಿ ಬರೆದಿದೆ. ಪುಸ್ತಕ ಪೆಟ್ಟಿಗೆಯಲ್ಲೇ ಇದೆ.

ಲೆನ್ಸಿನ ಮುಚ್ಚಳದ ಒಳಗೆ ನಾನು ಅಂಟಿಸಿದ ಚೀಟಿಯಲ್ಲಿರುವುದು ಬೇರೆ. ಮೊದಲ ಗೆರೆಯ ಪಕ್ಕ 255. ಎರಡನೆಯದಕ್ಕೆ 350. ಮೂರನೆಯದು 440, ಅದನ್ನು ಹೊಡೆದು ನೋಡಿ ಬರೆದದ್ದು, ಆಮೇಲೆ ಪೆನ್ನಿನಲ್ಲಿ ಅಡ್ಡ ಗೀಟು ಹಾಕಿದೆ, ಐದು ಗುಂಡಿನ ಗುಂಪು ಎಂಟು ಇಂಚಿನೊಳಗೆ ಕೂರಲಿಲ್ಲ. ನಾಲ್ಕನೆಯದನ್ನು ಬರೆಯಲೇ ಇಲ್ಲ.